ಕೊನೆಯ ಮನುಷ್ಯ ಕಾಡು ನಾಶ ಮಾಡಿದರೆ ತಪ್ಪೇನು? ಪ್ರಕೃತಿಯ ಸ್ವಂತ ಮೌಲ್ಯದ ಬಗ್ಗೆ ಒಂದು ಚರ್ಚೆ

ಮಲೆನಾಡ ಮೇಷ್ಟ್ರು

ಒಂದು ಪ್ರಶ್ನೆ ಕೇಳುತ್ತೇನೆ. ಸಾವಕಾಶವಾಗಿ ಯೋಚಿಸಿ ಬರೆಯಿರಿ.

ಪ್ರಪಂಚದಲ್ಲಿ ಮನುಷ್ಯರೆಲ್ಲ ಸತ್ತುಹೋಗಿದ್ದಾರೆ. ಒಬ್ಬನೇ ಉಳಿದಿದ್ದಾನೆ. ಅವನಿಗೂ ಹೆಚ್ಚು ದಿನ ಇಲ್ಲ. ಮುಂದೆ ಮಕ್ಕಳುಮರಿ ಹುಟ್ಟುವ ಮಾತೇ ಇಲ್ಲ. ಅವನು ಸಾಯುವ ಮೊದಲು ಕೈಗೆ ಸಿಕ್ಕ ಪ್ರಾಣಿ, ಗಿಡ, ಮರ ಎಲ್ಲವನ್ನೂ ನಾಶ ಮಾಡುತ್ತಾ ಹೋಗುತ್ತಾನೆ. ಬೇಕಾದರೆ ಯಾವುದಕ್ಕೂ ನೋವಾಗದ ಹಾಗೆ ಮಾಡುತ್ತಾನೆ ಅಂದುಕೊಳ್ಳಿ. ಅವನು ಮಾಡಿದ್ದು ತಪ್ಪಾ?

ಇದನ್ನು ಕೇಳಿದವರು ಆಸ್ಟ್ರೇಲಿಯಾದಲ್ಲಿ ಕೆಲಸ ಮಾಡುತ್ತಿದ್ದ ತತ್ವಶಾಸ್ತ್ರಜ್ಞ ರಿಚರ್ಡ್ ರೂಟ್ಲಿ. 1973ರಲ್ಲಿ ಬಲ್ಗೇರಿಯಾದ ವರ್ನಾದಲ್ಲಿ ವಿಶ್ವ ತತ್ವಶಾಸ್ತ್ರ ಸಮ್ಮೇಳನ ನಡೆಯಿತು. ಅಲ್ಲಿ ಓದಿದ ಪ್ರಬಂಧದಲ್ಲಿ ಈ ಕೊನೆಯ ಮನುಷ್ಯ ಬರುತ್ತಾನೆ. ರೂಟ್ಲಿ ಹೇಳಿದ್ದು ಇಷ್ಟು: ‘ಇನ್ನೊಬ್ಬರಿಗೆ ತೊಂದರೆ ಕೊಡದೆ ಏನು ಬೇಕಾದರೂ ಮಾಡು’ ಅನ್ನುವುದೇ ನಮ್ಮ ನೀತಿಯ ಬುಡ ಆಗಿದ್ದರೆ, ಕೊನೆಯ ಮನುಷ್ಯನನ್ನು ತಪ್ಪಿತಸ್ಥ ಅನ್ನಲು ನಮಗೆ ಯಾವ ದಾರಿಯೂ ಇಲ್ಲ. ತೊಂದರೆ ಆಗಲು ಇನ್ನೊಬ್ಬರೇ ಇಲ್ಲವಲ್ಲ. ಆದರೂ ಹೆಚ್ಚಿನವರಿಗೆ ಅದು ತಪ್ಪು ಅಂತಲೇ ಅನಿಸುತ್ತದೆ. ಹಾಗಾದರೆ ನಮ್ಮ ನೀತಿಯಲ್ಲೇ ಏನೋ ಕೊರತೆ ಇದೆ.

ಆ ಕೊರತೆ ತುಂಬಲು ಬಂದದ್ದೇ ‘ಸ್ವಂತ ಮೌಲ್ಯ’ ಎಂಬ ವಿಚಾರ. ಕಾಡು, ನದಿ, ಕಪ್ಪೆ, ಪಾಚಿ ಇವಕ್ಕೆ ನಮ್ಮ ಉಪಯೋಗ ಬಿಟ್ಟು ತಮ್ಮದೇ ಆದ ಮೌಲ್ಯ ಇದೆ ಅನ್ನುವುದು. ನಾನು ಇದನ್ನು ಒಪ್ಪುತ್ತೇನೆ. ಆದರೆ ಆ ಮೌಲ್ಯ ಎಲ್ಲಿಂದ ಬರುತ್ತದೆ, ಅದನ್ನು ಒಪ್ಪಿದ ಮೇಲೆ ಏನು ಮಾಡಬೇಕು ಅನ್ನುವುದರಲ್ಲಿ ದೊಡ್ಡ ಜಗಳವೇ ಇದೆ. ನೀವು ಏನು ಹೇಳುತ್ತೀರಿ?

ಹೊಸ ಓದುಗಿ

ಮೇಷ್ಟ್ರೇ, ನನಗೂ ಅದು ತಪ್ಪು ಅಂತಲೇ ಅನಿಸಿತು. ಆದರೆ ಒಂದು ಅನುಮಾನ. ಈ ಕಥೆ ಓದುವಾಗ ನಾವು ಇದ್ದೇವಲ್ಲ. ನಾವೇ ಹೊರಗಿನಿಂದ ನೋಡಿ ಬೇಜಾರು ಮಾಡಿಕೊಳ್ಳುತ್ತಿದ್ದೇವೆ. ನಿಜವಾಗಿ ನೋಡುವವರೇ ಇಲ್ಲದ ಲೋಕದಲ್ಲಿ ‘ಮೌಲ್ಯ’ ಎಲ್ಲಿರುತ್ತದೆ? ಬೆಲೆ ಕಟ್ಟುವವರು ಇದ್ದರೆ ತಾನೇ ಬೆಲೆ?

ಮಲೆನಾಡ ಮೇಷ್ಟ್ರು

ಸರಿಯಾದ ಜಾಗಕ್ಕೇ ಕೈ ಇಟ್ಟಿದ್ದೀರಿ. ಇದೇ ಮಾತಿನ ಮೇಲೆ ಅಮೆರಿಕದ ಇಬ್ಬರು ತತ್ವಶಾಸ್ತ್ರಜ್ಞರು ದಶಕಗಳ ಕಾಲ ವಾದ ಮಾಡಿದ್ದಾರೆ. ಒಬ್ಬರು ಬೇರ್ಡ್ ಕ್ಯಾಲಿಕಾಟ್, ಇನ್ನೊಬ್ಬರು ಹೋಮ್ಸ್ ರೋಲ್‌ಸ್ಟನ್.

ಕ್ಯಾಲಿಕಾಟ್ ನಿಮ್ಮ ಪಕ್ಷ. ಬೆಲೆ ಕೊಡುವ ಮನಸ್ಸು ಇಲ್ಲದೆ ಬೆಲೆ ಇಲ್ಲ ಅಂತ ಅವರು ಒಪ್ಪುತ್ತಾರೆ. ಅದಕ್ಕೆ ತತ್ವಶಾಸ್ತ್ರಜ್ಞ ಹ್ಯೂಮ್ ಮತ್ತು ವಿಜ್ಞಾನಿ ಡಾರ್ವಿನ್ ಇಬ್ಬರನ್ನೂ ಹಿಡಿದುಕೊಳ್ಳುತ್ತಾರೆ. ಆದರೆ ಅಲ್ಲಿಗೆ ನಿಲ್ಲುವುದಿಲ್ಲ. ತಾಯಿ ಮಗುವನ್ನು ಪ್ರೀತಿಸುತ್ತಾಳೆ. ಆ ಪ್ರೀತಿ ಹುಟ್ಟಿದ್ದು ತಾಯಿಯ ಮನಸ್ಸಿನಲ್ಲಿ. ಹಾಗಂತ ಮಗು ಮುಂದೆ ದುಡಿದು ಹಾಕುತ್ತದೆ ಅಂತ ಅವಳು ಪ್ರೀತಿಸುವುದಲ್ಲ. ಮಗುವನ್ನು ಮಗುವಿಗಾಗಿಯೇ ಪ್ರೀತಿಸುತ್ತಾಳೆ. ಕಾಡಿನ ವಿಷಯವೂ ಹೀಗೇ. ಮೌಲ್ಯ ಹುಟ್ಟುವುದು ಮನುಷ್ಯನಿಂದ. ಆದರೆ ಅದು ಮನುಷ್ಯನಿಗಾಗಿ ಇರಬೇಕಾಗಿಲ್ಲ. ಈ ಎರಡನ್ನೂ ಬೆರೆಸಿದ್ದರಿಂದಲೇ ಅರ್ಧ ಗೊಂದಲ ಆಗಿದೆ ಅನ್ನುವುದು ಅವರ ವಾದ.

ರೋಲ್‌ಸ್ಟನ್‌ಗೆ ಇದು ಸಾಲದು. ಅವರು ಹೇಳುವುದು: ಒಂದು ಗಿಡಕ್ಕೆ ಮನಸ್ಸು ಇಲ್ಲ, ನಿಜ. ಆದರೆ ಅದು ಗಾಯ ಮಾಗಿಸಿಕೊಳ್ಳುತ್ತದೆ. ನೀರಿನ ಕಡೆ ಬೇರು ಚಾಚುತ್ತದೆ. ಬೀಜ ಬಿಡುತ್ತದೆ. ತನಗೆ ಏನು ಒಳ್ಳೆಯದು, ಏನು ಕೆಟ್ಟದ್ದು ಅನ್ನುವುದು ಅದರ ಜೀವದಲ್ಲೇ ಬರೆದಿದೆ. ಅದು ತನ್ನ ಬದುಕನ್ನು ಕಾಪಾಡಿಕೊಳ್ಳುತ್ತಿದೆ ಅಂದರೆ ಅಲ್ಲಿ ಕಾಪಾಡಬೇಕಾದದ್ದು ಏನೋ ಇದೆ. ನಾವು ನೋಡುವ ಮೊದಲೂ ಇತ್ತು. ನೋಡದಿದ್ದರೂ ಇರುತ್ತದೆ.

ಅವರು ಹೇಳುವ ಒಂದು ಪ್ರಸಂಗ ನನಗೆ ಬಹಳ ಇಷ್ಟ. ಅಮೆರಿಕದ ರಾಕಿ ಬೆಟ್ಟಗಳ ಒಂದು ಬಿಡಾರದ ಹತ್ತಿರ ಹೂವಿನ ಬಯಲಿದೆ. ‘ಹೂಗಳನ್ನು ಕೀಳಬೇಡಿ, ಬೇರೆಯವರೂ ನೋಡಿ ಖುಷಿಪಡಲಿ’ ಎಂಬ ಅರ್ಥದ ಫಲಕಗಳು ಅಲ್ಲಿ ವರ್ಷಾನುಗಟ್ಟಲೆ ಇದ್ದವು. ಆಮೇಲೆ ಅವನ್ನು ತೆಗೆದು ಹೊಸದು ಹಾಕಿದರು. ‘ಹೂಗಳು ಬದುಕಲಿ ಬಿಡಿ’ ಅಂತ. ಮೊದಲನೆಯ ಫಲಕದಲ್ಲಿ ಹೂವು ನಮಗಾಗಿ ಇತ್ತು. ಎರಡನೆಯದರಲ್ಲಿ ಹೂವು ತನಗಾಗಿ ಇದೆ. ನನ್ನ ಒಲವು ಎರಡನೆಯ ಫಲಕದ ಕಡೆ. ಆದರೆ ಕ್ಯಾಲಿಕಾಟ್ ವಾದವನ್ನು ಮುರಿಯುವುದು ಸುಲಭ ಅಲ್ಲ, ಅದನ್ನೂ ಹೇಳುತ್ತೇನೆ.

ಕಾಫಿತೋಟ

ನಾನು ಕೊಡಗಿನವನು. ತತ್ವಶಾಸ್ತ್ರ ಓದಿದವನಲ್ಲ. ಆದರೆ ‘ಉಪಯೋಗದ ಮೌಲ್ಯ’ದ ಬಗ್ಗೆ ನನಗೆ ಹೇಳುವುದಿದೆ. ಇದು ನಮ್ಮ ಹೊಟ್ಟೆಪಾಡಿನ ವಿಷಯ.

ರೋಬಸ್ಟಾ ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಬೇರೆ ಗಿಡದ ಪರಾಗ ಬೇಕು. ಗಾಳಿ ಸ್ವಲ್ಪ ತರುತ್ತದೆ. ಜೇನು ಜಾಸ್ತಿ ತರುತ್ತದೆ. ಹೂಮಳೆ ಬಿದ್ದು ಹೂ ಅರಳಿದ ಆ ಒಂದೆರಡು ದಿನ ಹೆಜ್ಜೇನು, ತುಡುವೆ ಬಂದರೆ ಫಸಲು. ಹಾಗಾಗಿ ‘ಪಕ್ಕದ ಕಾಡು ಉಳಿಸಿ, ಜೇನು ಬರುತ್ತದೆ’ ಅಂದರೆ ನಮ್ಮವರು ಬೇಗ ಕೇಳುತ್ತಾರೆ. ‘ಕಾಡಿಗೆ ಸ್ವಂತ ಮೌಲ್ಯ ಇದೆ’ ಅಂದರೆ ಮುಖ ನೋಡುತ್ತಾರೆ.

ಆದರೆ ಈ ಲೆಕ್ಕ ಎಷ್ಟು ಅಪಾಯ ಅಂತ ತೋರಿಸುವ ಒಂದು ಸಂಗತಿ ಓದಿದ್ದೇನೆ. ಕೋಸ್ಟರಿಕಾದ ಒಂದು ಕಾಫಿ ತೋಟದಲ್ಲಿ ವಿಜ್ಞಾನಿಗಳು ಅಧ್ಯಯನ ಮಾಡಿದರು. 2004ರಲ್ಲಿ ಪ್ರಕಟ ಆಯಿತು. ಪಕ್ಕದ ಎರಡು ಕಾಡಿನ ತುಂಡುಗಳಿಂದ ಬರುವ ಜೇನುಗಳಿಂದ ಆ ತೋಟಕ್ಕೆ ವರ್ಷಕ್ಕೆ ಸುಮಾರು 60,000 ಡಾಲರ್ ಲಾಭ ಅಂತ ಲೆಕ್ಕ ಹಾಕಿದರು. ಪರಿಸರದವರೆಲ್ಲ ಇದನ್ನು ಎಲ್ಲ ಕಡೆ ಉದಾಹರಣೆ ಕೊಟ್ಟರು. ಅಷ್ಟರಲ್ಲಿ ಕಾಫಿ ಬೆಲೆ ನೆಲ ಕಚ್ಚಿತ್ತು. ತೋಟದವರು ಕಾಫಿ ಕಿತ್ತು ಅನಾನಸ್ ಹಾಕಿದರು. ಅನಾನಸ್‌ಗೆ ಜೇನು ಬೇಡ. ಅಲ್ಲಿಗೆ ಆ ಕಾಡಿನ ಜೇನಿನ ಬೆಲೆ ಸೊನ್ನೆ ಆಯಿತು.

ಕಾಡು ಅದೇ. ಜೇನು ಅದೇ. ಬದಲಾದದ್ದು ಪೇಟೆಯ ಧಾರಣೆ ಮಾತ್ರ. ಧಾರಣೆ ಬಿದ್ದಾಗೆಲ್ಲ ಕಾಡಿನ ಮೌಲ್ಯವೂ ಬೀಳುವುದಾದರೆ, ಅದನ್ನು ನಂಬಿಕೊಂಡು ಕಾಡು ಉಳಿಸೋದು ಹೇಗೆ? ಮೆಣಸಿನ ಬೆಲೆ, ಕಾಫಿ ಬೆಲೆ ಏರಿಳಿಯುವುದನ್ನು ನೋಡಿ ಬೆಳೆದವರು ನಾವು. ಆ ಏರಿಳಿತಕ್ಕೆ ಕಾಡನ್ನು ಕಟ್ಟಿಹಾಕಬಾರದು ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ.

ಲೆಕ್ಕದವನು

ಕಾಫಿತೋಟ ಅವರೇ, ಲೆಕ್ಕವನ್ನು ಪೂರ್ತಿ ಬಿಡಬೇಡಿ. 1997ರಲ್ಲಿ ಪರಿಸರ ಅರ್ಥಶಾಸ್ತ್ರಜ್ಞ ರಾಬರ್ಟ್ ಕಾಸ್ಟಾಂಜಾ ಮತ್ತು ಜೊತೆಗಾರರು ಇಡೀ ಭೂಮಿಯ ಪ್ರಕೃತಿ ನಮಗೆ ಮಾಡುವ ಸೇವೆಗೆ ಬೆಲೆ ಕಟ್ಟಿದರು. ವರ್ಷಕ್ಕೆ ಸರಾಸರಿ 33 ಲಕ್ಷ ಕೋಟಿ ಡಾಲರ್. ಆಗ ಇಡೀ ಪ್ರಪಂಚದ ಒಟ್ಟು ಉತ್ಪನ್ನ ಸುಮಾರು 18 ಲಕ್ಷ ಕೋಟಿ. ಹಣಕಾಸು ಇಲಾಖೆಗಳು ಪರಿಸರದ ಕಡೆ ತಿರುಗಿ ನೋಡಲು ಇಂಥ ಅಂಕಿಗಳೂ ಕಾರಣ.

ಇನ್ನೊಂದು ಮಾತು. ಬ್ರಯನ್ ನಾರ್ಟನ್ ಎಂಬ ತತ್ವಶಾಸ್ತ್ರಜ್ಞರು ಹೇಳುತ್ತಾರೆ: ನಾಳೆಯ ಮಕ್ಕಳನ್ನೂ ಸೇರಿಸಿ ದೂರದ ಲೆಕ್ಕ ಹಾಕಿದರೆ, ಮನುಷ್ಯನಿಗೆ ಒಳ್ಳೆಯದು ಮತ್ತು ಪ್ರಕೃತಿಗೆ ಒಳ್ಳೆಯದು ಎರಡೂ ಕೊನೆಗೆ ಒಂದೇ ಜಾಗಕ್ಕೆ ಬರುತ್ತವೆ. ಎರಡೂ ಪಕ್ಷದವರು ಒಂದೇ ಕಾನೂನು ಬೇಕು ಅನ್ನುವಾಗ ಮೌಲ್ಯ ಎಲ್ಲಿದೆ ಅಂತ ಜಗಳ ಯಾಕೆ? ನನಗೆ ಇದು ಸರಿ ಕಾಣುತ್ತದೆ.

ಮಲೆನಾಡ ಮೇಷ್ಟ್ರು

ದೊಡ್ಡ ವಿಷಯಗಳಲ್ಲಿ ನಾರ್ಟನ್ ಮಾತು ನಿಲ್ಲುತ್ತದೆ. ಹವಾಮಾನ, ಕುಡಿಯುವ ನೀರು, ಮಣ್ಣು. ಇಲ್ಲೆಲ್ಲ ಎರಡು ದಾರಿಯೂ ಕೂಡುತ್ತವೆ.

ಚಿಕ್ಕ ಜೀವಗಳ ಹತ್ತಿರ ಬಂದಾಗ ಕೂಡುವುದಿಲ್ಲ. ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನಲ್ಲಿ ಕತ್ತಲೆಕಾನು ಇದೆ. ಅಲ್ಲಿ ರಾಮಪತ್ರೆ ಜಡ್ಡಿಗಳಿವೆ. ವರ್ಷವಿಡೀ ನೀರು ನಿಲ್ಲುವ ಕಾಡು. ಉಸಿರಾಡಲು ಬೇರುಗಳು ಮಂಡಿ ಮಡಚಿದ ಹಾಗೆ ನೀರಿನಿಂದ ಮೇಲೆ ಎದ್ದಿರುತ್ತವೆ. ಅಲ್ಲೇ ಒಂದು ಮರವನ್ನು ಹೊಸ ಪ್ರಭೇದ ಅಂತ 2000ನೇ ಇಸವಿಯಲ್ಲಿ ಗುರುತಿಸಿದರು. ಹೆಸರು ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ನಮ್ಮ ಗೇರುಹಣ್ಣಿನ ಬಳಗದ್ದೇ. ಇಡೀ ಪ್ರಪಂಚದಲ್ಲಿ ಇರುವುದು ಇಲ್ಲಿನ ಜಡ್ಡಿಗಳಲ್ಲಿ ಮಾತ್ರ, ಅದೂ ಬೆರಳೆಣಿಕೆಯ ಕಡೆ.

ಈ ಮರ ಹೋದರೆ ಯಾರ ಮನೆಯ ಒಲೆ ಆರುತ್ತದೆ? ಯಾರದೂ ಇಲ್ಲ. ನೀರು ಹಿಡಿದಿಡುವ ಕೆಲಸಕ್ಕೆ ಜಡ್ಡಿ ಇದೆ, ಜಡ್ಡಿಯಲ್ಲಿ ಬೇರೆ ಮರಗಳೂ ಇವೆ. ದೂರದ ಲೆಕ್ಕ ಹಾಕಿದರೂ ‘ಮುಂದೆ ಔಷಧಿ ಸಿಗಬಹುದು’ ಅನ್ನುವ ಒಂದು ‘ಬಹುದು’ ಮಾತ್ರ ಉಳಿಯುತ್ತದೆ. ಅಂಥ ‘ಬಹುದು’ವಿನ ಎದುರು ಅಡಿಕೆ ತೋಟದ ‘ಇದೆ’ ಯಾವಾಗಲೂ ಗೆಲ್ಲುತ್ತದೆ. ಜಡ್ಡಿಗಳು ಕರಗಿದ್ದೇ ಹಾಗೆ. ಗದ್ದೆಗೆ, ತೋಟಕ್ಕೆ ನೀರಿರುವ ಜಾಗ ಅಂತ.

ಲಕ್ಷಾಂತರ ವರ್ಷ ಹಿಡಿದು ರೂಪುಗೊಂಡ ಒಂದು ಬದುಕಿನ ರೀತಿ ಅದು. ಅದು ಇರಬೇಕು ಅನ್ನಲು ಇಷ್ಟೇ ಸಾಕು ಅಂತ ನಾನು ನಂಬುತ್ತೇನೆ. ನಾರ್ಟನ್ ದಾರಿಯಲ್ಲಿ ನನಗೆ ಈ ಮಾತು ಹೇಳಲು ಆಗುವುದಿಲ್ಲ.

ನಾಗರಹೊಳೆ ಪಕ್ಕ

ಇಷ್ಟು ಹೊತ್ತು ಓದಿದೆ. ಯಾರೂ ಕೇಳದ ಪ್ರಶ್ನೆ ನಾನು ಕೇಳುತ್ತೇನೆ. ಕಾಡಿಗೆ ಸ್ವಂತ ಮೌಲ್ಯ ಇದೆ ಅಂತ ಪೇಟೆಯವರು ತೀರ್ಮಾನ ಮಾಡಿದ ದಿನ, ಕಾಡಿನೊಳಗೆ ಇದ್ದವರಿಗೆ ಏನಾಯಿತು?

ರಾಮಚಂದ್ರ ಗುಹಾ 1989ರಲ್ಲಿ, ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದಾಗ, ಅಮೆರಿಕದ ಒಂದು ಪತ್ರಿಕೆಯಲ್ಲಿ ಇದನ್ನೇ ಬರೆದರು. ಆರ್ನೆ ನೆಸ್ ಎಂಬ ನಾರ್ವೆಯವರು 1973ರಲ್ಲಿ, ಎಲ್ಲ ಜೀವಕ್ಕೂ ಸ್ವಂತ ಮೌಲ್ಯ ಇದೆ ಅನ್ನುವ ‘ಆಳದ ಪರಿಸರವಾದ’ ಅಂತ ಶುರು ಮಾಡಿದ್ದರಲ್ಲ, ಅದನ್ನು ಅಮೆರಿಕದವರು ಬೆಳೆಸಿದ ರೀತಿಯನ್ನು ಗುಹಾ ಪ್ರಶ್ನಿಸಿದರು. ಜನ ಇಲ್ಲದ ಕಾಡೇ ನಿಜವಾದ ಕಾಡು ಅನ್ನುವುದು ಅಮೆರಿಕದ ಕಲ್ಪನೆ. ಅಲ್ಲಿ ನೆಲ ವಿಶಾಲ, ಜನ ಕಡಿಮೆ. ಅದನ್ನೇ ತಂದು ಭಾರತದಂಥ ದೇಶಕ್ಕೆ ಹಾಕಿದರೆ ಏನಾಗುತ್ತದೆ? ಬಡವರ ಕೈಯಿಂದ ಕಾಡು ಕಿತ್ತು ಶ್ರೀಮಂತರಿಗೆ ಕೊಟ್ಟ ಹಾಗಾಗುತ್ತದೆ ಅಂದರು. ಹುಲಿ ಯೋಜನೆಯನ್ನೇ ಅದಕ್ಕೆ ಉದಾಹರಣೆ ಕೊಟ್ಟರು. ಯುದ್ಧದ ತಯಾರಿ ಮತ್ತು ಉಳ್ಳವರ ಮಿತಿಮೀರಿದ ಬಳಕೆ, ಇವೇ ಪರಿಸರದ ದೊಡ್ಡ ಶತ್ರುಗಳು. ಮೌಲ್ಯ ಮನುಷ್ಯನಲ್ಲಿದೆಯೋ ಮರದಲ್ಲಿದೆಯೋ ಎಂಬ ವಾದ ಅವುಗಳನ್ನು ಮುಟ್ಟುವುದೇ ಇಲ್ಲ ಅನ್ನುವುದು ಅವರ ಮುಖ್ಯ ಮಾತು.

ನಮ್ಮ ಕಡೆ ಜೇನುಕುರುಬ ಬುಡಕಟ್ಟಿನವರ ಹಾಡಿಗಳನ್ನು, ಅಂದರೆ ಅವರ ಊರುಗಳನ್ನು, ಕಾಡಿನಿಂದ ಎತ್ತಿದ್ದು ಎಲ್ಲರಿಗೂ ಗೊತ್ತು. 2025ರ ಮೇ ತಿಂಗಳಲ್ಲಿ ಕೆಲವು ಕುಟುಂಬಗಳು ಕರಡಿಕಲ್ಲು ಅತ್ತೂರು ಕೊಲ್ಲಿಗೆ ವಾಪಸ್ ಹೋಗಿ ಗುಡಿಸಲು ಹಾಕಿದವು. ಅವರ ದೇವರು, ಹಿರಿಯರ ಸಮಾಧಿ ಎಲ್ಲ ಅಲ್ಲೇ ಇವೆ. ಆ ಕಾಡಿನ ಮೌಲ್ಯದ ಬಗ್ಗೆ ಅವರಿಗೆ ಯಾರು ಪಾಠ ಹೇಳಬೇಕು? ಹುಲಿಗೆ ಸ್ವಂತ ಮೌಲ್ಯ ಇದೆ ಅಂತೀರಿ. ಸಫಾರಿ ಜೀಪಿಗೆ ದಾರಿ ಇದೆ. ಜೇನು ಬಿಡಿಸುವವನಿಗೆ ಇಲ್ಲ.

ನನಗೆ ಕೋಪ ಇದೆ. ಮುಚ್ಚಿಡುವುದಿಲ್ಲ.

ಮಲೆನಾಡ ಮೇಷ್ಟ್ರು

ನಿಮ್ಮ ಕೋಪ ನ್ಯಾಯವಾದದ್ದು. ಆದರೆ ಎರಡು ವಿಷಯ ಬೇರೆ ಬೇರೆ ಇಡೋಣ.

‘ಕಾಡಿಗೆ ಸ್ವಂತ ಮೌಲ್ಯ ಇದೆ’ ಅನ್ನುವುದು ಒಂದು. ‘ಜನ ಇದ್ದರೆ ಕಾಡಿನ ಮೌಲ್ಯ ಹಾಳಾಗುತ್ತದೆ’ ಅನ್ನುವುದು ಇನ್ನೊಂದು. ಮೊದಲನೆಯದರಿಂದ ಎರಡನೆಯದು ತಾನಾಗಿ ಬರುವುದಿಲ್ಲ. ಅಮೆರಿಕದವರು ಎರಡನ್ನೂ ಸೇರಿಸಿ ಹೊಲಿದರು. ಗುಹಾ ಪೆಟ್ಟು ಸರಿಯಾಗಿ ಬಿದ್ದಿರುವುದು ಆ ಹೊಲಿಗೆಯ ಮೇಲೆ. ಅಮೆರಿಕದವರೇ ಆದ ಪರಿಸರ ಚಿಂತಕ ಅಲ್ಡೊ ಲಿಯೋಪೋಲ್ಡ್ ಬರಹ ನೋಡಿ. 1949ರಲ್ಲಿ ಪ್ರಕಟ ಆದದ್ದು. ಅವರು ಮನುಷ್ಯನನ್ನು ನೆಲದ ಸಮುದಾಯದಿಂದ ಹೊರಗೆ ಹಾಕಲಿಲ್ಲ. ಅದರ ಯಜಮಾನ ಸ್ಥಾನದಿಂದ ಇಳಿಸಿ ಸಾಮಾನ್ಯ ಸದಸ್ಯ ಮಾಡಿದರು.

ಹೊಸ ಓದುಗಿ

ರೂಟ್ಲಿ ಬಗ್ಗೆ ಹುಡುಕುತ್ತಾ ಹೋದಾಗ ವ್ಯಾಲ್ ಪ್ಲಮ್‌ವುಡ್ ಎಂಬ ತತ್ವಶಾಸ್ತ್ರಜ್ಞೆ ಸಿಕ್ಕರು. ಅವರು ರೂಟ್ಲಿಯವರ ಹೆಂಡತಿ ಆಗಿದ್ದವರು. ಇಬ್ಬರೂ ಸೇರಿ ಆಸ್ಟ್ರೇಲಿಯಾದ ಕಾಡುಗಳ ಪರ ಹೋರಾಡಿದ್ದರು. ಆಮೇಲೆ ಬೇರೆಯಾದರು. ವ್ಯಾಲ್ ಅವರ ಕಥೆ ಇಲ್ಲಿ ಹೇಳಲೇಬೇಕು ಅನಿಸಿತು.

1985ರ ಫೆಬ್ರವರಿ. ಮಳೆಗಾಲ. ಆಸ್ಟ್ರೇಲಿಯಾದ ಕಾಕಡು ರಾಷ್ಟ್ರೀಯ ಉದ್ಯಾನದಲ್ಲಿ ಅವರು ಒಬ್ಬರೇ ದೋಣಿಯಲ್ಲಿ ಹೋಗುತ್ತಿದ್ದರು. ಉಪ್ಪುನೀರಿನ ಮೊಸಳೆಯೊಂದು ದೋಣಿಗೆ ಗುದ್ದಿತು. ಮತ್ತೆ ಮತ್ತೆ ಗುದ್ದಿತು. ದಡದ ಮರಕ್ಕೆ ಹಾರಿದರೆ ಮೊಸಳೆ ನೀರಿನಿಂದ ಚಿಮ್ಮಿ ಕಾಲಿನ ಸಂದಿಗೆ ಬಾಯಿ ಹಾಕಿ ಎಳೆಯಿತು. ನೀರಿನೊಳಗೆ ಉರುಳಿಸಿತು. ಮೂರು ಸಲ ಹಾಗಾಯಿತು. ಹೇಗೋ ಬಿಡಿಸಿಕೊಂಡು, ಹರಿದ ಕಾಲು ಎಳೆದುಕೊಂಡು, ಗಂಟೆಗಟ್ಟಲೆ ತೆವಳಿ ಬಂದರು.

ಆಸ್ಪತ್ರೆಗೆ ಸಾಗಿಸುವಾಗ, ಮೊಸಳೆಯನ್ನು ಹುಡುಕಿ ಗುಂಡು ಹೊಡೆಯಬೇಕು ಅನ್ನುವ ಮಾತು ಬಂತು. ಇವರು ಬೇಡ ಅಂದರು. ತಾನು ಅದರ ಜಾಗಕ್ಕೆ ಹೋಗಿದ್ದೆ ಅಂದರು.

ಅವರು ಆಮೇಲೆ ಬರೆದದ್ದು ನನ್ನನ್ನು ಬಹಳ ಕಾಡಿತು. ನಾವು ನಮ್ಮನ್ನು ತಿನ್ನುವವರು ಅಂತ ಮಾತ್ರ ನೋಡಿಕೊಳ್ಳುತ್ತೇವೆ. ತಿನ್ನಿಸಿಕೊಳ್ಳುವ ಮಾಂಸ ಅಂತ ನೋಡಿಕೊಳ್ಳುವುದಿಲ್ಲ. ಆ ಮೊಸಳೆಯ ಬಾಯಲ್ಲಿ ಅವರಿಗೆ, ನಾನೂ ಆಹಾರವೇ, ಹಾಗಿದ್ದೂ ಆಹಾರಕ್ಕಿಂತ ಹೆಚ್ಚಿನವಳು, ಅಂತ ಗೊತ್ತಾಯಿತು. ಪ್ರತಿ ಜೀವಿಯೂ ಹೀಗೇ. ಇನ್ನೊಂದಕ್ಕೆ ಉಪಯೋಗ, ಅದೇ ಹೊತ್ತಿಗೆ ತನಗೆ ತಾನೇ ಇರುವಂಥದ್ದು.

ಮೇಷ್ಟ್ರೇ, ಇದನ್ನು ಓದಿದ ಮೇಲೆ ‘ಉಪಯೋಗದ ಮೌಲ್ಯ’, ‘ಸ್ವಂತ ಮೌಲ್ಯ’ ಅಂತ ಎರಡು ಗೂಡು ಮಾಡಿ ಒಂದರಲ್ಲಿ ಹಾಕು ಅನ್ನುವುದೇ ಸರಿ ಇಲ್ಲ ಅನಿಸುತ್ತಿದೆ. ನಾಗರಹೊಳೆ ಪಕ್ಕ ಅವರು ಹೇಳಿದ ಜೇನುಕುರುಬರು ಕಾಡನ್ನು ತಿನ್ನುತ್ತಾರೆ, ಪೂಜಿಸುತ್ತಾರೆ. ಎರಡೂ ಒಟ್ಟಿಗೇ.

ನಾಗರಹೊಳೆ ಪಕ್ಕ

ತಂಗಿ, ಇದು ನನಗೆ ಹಿಡಿಸಿತು. ಇದನ್ನು ಪೂರ್ತಿ ಓದಬೇಕು.

ಕರಾವಳಿಯವ

ಒಂದು ತೊಡಕು. ಪ್ರತಿ ಜೀವಿಗೂ ಸ್ವಂತ ಮೌಲ್ಯ ಅಂದರೆ ಒಂದೊಂದು ಜೀವಕ್ಕಾ, ಇಡೀ ಕಾಡಿಗಾ? ಎರಡೂ ಒಂದೇ ಅಲ್ಲ.

ಗಲಾಪಗೋಸ್ ದ್ವೀಪಗಳಲ್ಲಿ ನಡೆದದ್ದು ನೋಡಿ. ಹಡಗಿನವರು ಬಿಟ್ಟುಹೋದ ಆಡುಗಳು ಅಲ್ಲಿ ವಿಪರೀತ ಬೆಳೆದವು. ಗಿಡ ಎಲ್ಲ ತಿಂದು ನೆಲ ಬೋಳು ಮಾಡಿದವು. ದೈತ್ಯ ಆಮೆಗಳಿಗೆ ಮೇವು ಇಲ್ಲ, ನೆರಳು ಇಲ್ಲ. 1997ರಿಂದ 2006ರವರೆಗೆ ಒಂದು ದೊಡ್ಡ ಯೋಜನೆ ಮಾಡಿ, ಹೆಲಿಕಾಪ್ಟರ್‌ನಿಂದ ಗುಂಡು ಹೊಡೆದು ಸುಮಾರು ಒಂದೂವರೆ ಲಕ್ಷ ಆಡುಗಳನ್ನು ಕೊಂದರು. ಕೊನೆಗೆ ಅಡಗಿಕೊಂಡವನ್ನು ಹುಡುಕಲು ಒಂದು ಉಪಾಯ ಮಾಡಿದರು. ಕೆಲವು ಆಡುಗಳ ಕುತ್ತಿಗೆಗೆ ರೇಡಿಯೋ ಪಟ್ಟಿ ಕಟ್ಟಿ ಬಿಟ್ಟರು. ಆಡು ಒಂಟಿಯಾಗಿ ಇರುವುದಿಲ್ಲ. ಜೊತೆ ಹುಡುಕಿಕೊಂಡು ಹೋಗುತ್ತದೆ. ಹೋದ ಕಡೆ ಬೇಟೆಗಾರರು ಬಂದು ಉಳಿದವನ್ನೆಲ್ಲ ಕೊಲ್ಲುತ್ತಿದ್ದರು. ಪಟ್ಟಿಯ ಆಡನ್ನು ಮಾತ್ರ ಬಿಡುತ್ತಿದ್ದರು. ಅದು ಮತ್ತೆ ಜೊತೆ ಹುಡುಕಿಕೊಂಡು ಹೋಗುತ್ತಿತ್ತು.

ಆಮೆ ಉಳಿಯಿತು. ಗಿಡ ಮತ್ತೆ ಬಂತು. ಆದರೆ ಆ ಆಡನ್ನು ನೆನೆದರೆ ನನಗೆ ಹೊಟ್ಟೆ ತೊಳಸಿದ ಹಾಗಾಗುತ್ತದೆ. ಪ್ರಾಣಿಗಳ ಪರ ಬರೆದ ತತ್ವಶಾಸ್ತ್ರಜ್ಞ ಪೀಟರ್ ಸಿಂಗರ್‌ಗೆ ನೋವು ಅನುಭವಿಸುವ ಪ್ರತಿ ಜೀವವೂ ಲೆಕ್ಕಕ್ಕೆ ಬರುತ್ತದೆ. ಅದೇ ಬಣದ ಟಾಮ್ ರೀಗನ್ ಅಂತೂ, ಇಡೀ ಸಮುದಾಯಕ್ಕಾಗಿ ಒಂದೊಂದು ಜೀವವನ್ನು ಬಲಿ ಕೊಡುವ ಲಿಯೋಪೋಲ್ಡ್ ದಾರಿಯನ್ನು ಪರಿಸರದ ಫ್ಯಾಸಿಸಂ ಅಂತಲೇ ಕರೆದರು. ಕ್ಯಾಲಿಕಾಟ್ 1980ರಲ್ಲಿ ಒಂದೊಂದು ಪ್ರಾಣಿಯ ಪರ ಇರುವವರು, ಇಡೀ ಕಾಡಿನ ಪರ ಇರುವವರು, ಈ ಎರಡು ಬಣ ಒಂದೇ ಅಲ್ಲ ಅಂತ ಕಡ್ಡಿ ಮುರಿದ ಹಾಗೆ ಹೇಳಿದರು. ಮೇಷ್ಟ್ರೇ, ನೀವು ಯಾವ ಕಡೆ?

ಮಲೆನಾಡ ಮೇಷ್ಟ್ರು

ದ್ವೀಪದ ವಿಷಯದಲ್ಲಿ ಆಮೆ ಮತ್ತು ಗಿಡಗಳ ಕಡೆ. ಒಂದು ವಂಶವೇ ಅಳಿಸಿಹೋದರೆ ಮುಂದೆ ಹುಟ್ಟಬೇಕಾದ ಎಲ್ಲವೂ ಹೋದ ಹಾಗೆ. ಆಡಿನ ವಂಶಕ್ಕೆ ಆ ಭಯ ಇಲ್ಲ. ಆದರೆ ಆ ಒಂದೂವರೆ ಲಕ್ಷ ಸಾವುಗಳು ಲೆಕ್ಕಕ್ಕೇ ಇಲ್ಲ ಅನ್ನುವವರ ಜೊತೆ ನಾನಿಲ್ಲ. ತತ್ವಶಾಸ್ತ್ರಜ್ಞ ಪಾಲ್ ಟೇಲರ್ 1986ರಲ್ಲಿ ಇದಕ್ಕೆ ಒಂದು ದಾರಿ ಹೇಳಿದ್ದಾರೆ. ಪ್ರತಿ ಜೀವಿಗೂ ಸಮನಾದ ಗೌರವ ಇದೆ. ಬೇರೆ ದಾರಿ ಇಲ್ಲದೆ ಹಾನಿ ಮಾಡಿದರೆ ನಮ್ಮ ಮೇಲೆ ಋಣ ಉಳಿಯುತ್ತದೆ. ಅದನ್ನು ಏನಾದರೂ ಮಾಡಿ ತೀರಿಸಬೇಕು. ಕೊಂದವರ ಮೇಲೆ ಋಣ ಇದೆ ಅನ್ನುವುದು ನನಗೆ ಮುಖ್ಯ.

ಈಗ ನನ್ನ ನಿಜವಾದ ಮಾತಿಗೆ ಬರುತ್ತೇನೆ. ಸ್ವಂತ ಮೌಲ್ಯ ಇದೆ ಅಂದ ಮಾತ್ರಕ್ಕೆ ಯಾವ ಜಗಳವೂ ತೀರ್ಮಾನ ಆಗುವುದಿಲ್ಲ. ಆಡು ಮತ್ತು ಆಮೆ ಎರಡಕ್ಕೂ ಅದು ಇದೆ. ಹಾಡಿಯ ಜನಕ್ಕೂ ಇದೆ. ಹಾಗಾದರೆ ಅದರಿಂದ ಏನು ಪ್ರಯೋಜನ? ವಾರ್ವಿಕ್ ಫಾಕ್ಸ್ ಎಂಬ ತತ್ವಶಾಸ್ತ್ರಜ್ಞರು ಒಂದು ಉತ್ತರ ಕೊಟ್ಟಿದ್ದಾರೆ. ಕಾಡಿಗೆ ಉಪಯೋಗದ ಮೌಲ್ಯ ಮಾತ್ರ ಇದ್ದರೆ, ‘ಇದನ್ನು ಯಾಕೆ ಉಳಿಸಬೇಕು’ ಅಂತ ಉಳಿಸುವವನು ಉತ್ತರ ಕೊಡಬೇಕು. ಸ್ವಂತ ಮೌಲ್ಯ ಇದೆ ಅಂತ ಒಪ್ಪಿದರೆ, ‘ಇದನ್ನು ಯಾಕೆ ಕೆಡವಬೇಕು’ ಅಂತ ಕೆಡವುವವನು ಉತ್ತರ ಕೊಡಬೇಕು. ಕಟಕಟೆಯಲ್ಲಿ ನಿಲ್ಲುವವರು ಬದಲಾಗುತ್ತಾರೆ.

ನಾವು ಕಂಡ ಹೋರಾಟಗಳಲ್ಲೆಲ್ಲ ಉತ್ತರ ಕೊಟ್ಟು ಕೊಟ್ಟು ಸುಸ್ತಾದವರು ಉಳಿಸುವವರೇ. ಸಿಂಗಳೀಕ ಯಾಕೆ ಬೇಕು? ಜಡ್ಡಿ ಯಾಕೆ ಬೇಕು? ಕುದುರೆಮುಖದ ಶೋಲಾ ಕಾಡು ಯಾಕೆ ಬೇಕು? ಅಲ್ಲಿನ ಗಣಿ 2005ರ ಕೊನೆಗೆ ನಿಲ್ಲಬೇಕು ಅಂತ ಸುಪ್ರೀಂ ಕೋರ್ಟ್ ಹೇಳುವ ಹೊತ್ತಿಗೆ ಎಷ್ಟು ವರ್ಷ ಹೋಗಿತ್ತು! ಆ ಭಾರ ಆಚೆ ಕಡೆ ಇದ್ದಿದ್ದರೆ ಎಷ್ಟು ಗುಡ್ಡ ಉಳಿಯುತ್ತಿತ್ತು ಅಂತ ನಾನು ಮತ್ತೆ ಮತ್ತೆ ಯೋಚಿಸುತ್ತೇನೆ.

ವಕೀಲರ ಕೋಣೆ

ಕಟಕಟೆ ಮಾತು ಬಂತಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

1972ರಲ್ಲಿ ಅಮೆರಿಕದ ಮಿನರಲ್ ಕಿಂಗ್ ಕಣಿವೆಯಲ್ಲಿ ಡಿಸ್ನಿ ಕಂಪನಿ ಸ್ಕೀಯಿಂಗ್ ರೆಸಾರ್ಟ್ ಮಾಡಲು ಹೊರಟ ಮೊಕದ್ದಮೆ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿತ್ತು. ಕ್ರಿಸ್ಟೋಫರ್ ಸ್ಟೋನ್ ಎಂಬ ಕಾನೂನು ಪ್ರಾಧ್ಯಾಪಕರು, ಮರಗಳಿಗೂ ದಾವೆ ಹೂಡುವ ಹಕ್ಕು ಇರಬೇಕು ಅಂತ ಬರೆದರು. ಪರಿಸರದವರು ಆ ಮೊಕದ್ದಮೆ ಸೋತರು. ಆದರೆ ನ್ಯಾಯಮೂರ್ತಿ ಡಗ್ಲಸ್ ತಮ್ಮ ಭಿನ್ನಮತದಲ್ಲಿ ಸ್ಟೋನ್ ಮಾತನ್ನು ಎತ್ತಿ ಹಿಡಿದರು. ಕಂಪನಿಗೂ ಹಡಗಿಗೂ ಕಾನೂನಿನಲ್ಲಿ ವ್ಯಕ್ತಿತ್ವ ಇರುವಾಗ ಕಣಿವೆಗೆ ಯಾಕೆ ಬೇಡ ಅಂತ. ರೆಸಾರ್ಟ್ ಬರಲೇ ಇಲ್ಲ. 1978ರಲ್ಲಿ ಕಣಿವೆ ಸಿಕ್ವೋಯಾ ರಾಷ್ಟ್ರೀಯ ಉದ್ಯಾನಕ್ಕೆ ಸೇರಿತು.

ನಮ್ಮಲ್ಲಿ ಸುಪ್ರೀಂ ಕೋರ್ಟಿನ 2013ರ ಸಿಂಹದ ತೀರ್ಪು ಓದಲೇಬೇಕು. ಏಷ್ಯಾದ ಸಿಂಹ ಗುಜರಾತಿನ ಗಿರ್ ಮತ್ತು ಅದರ ಸುತ್ತಿನ ಪ್ರದೇಶ ಬಿಟ್ಟರೆ ಕಾಡಿನಲ್ಲಿ ಎಲ್ಲೂ ಇಲ್ಲ. ಒಂದು ಕಾಯಿಲೆ ಬಂದರೆ ಪೂರ್ತಿ ಹೋಗಬಹುದು. ಮಧ್ಯಪ್ರದೇಶದ ಕುನೋಗೆ ಕೆಲವನ್ನು ಕಳಿಸಿ ಅಂದರೆ ಗುಜರಾತ್ ಒಪ್ಪಲಿಲ್ಲ. ಸಿಂಹ ನಮ್ಮ ಹೆಮ್ಮೆ, ನಮ್ಮದು ಅಂತ ವಾದ. ಕೋರ್ಟ್ ಹೇಳಿತು: ಸಿಂಹ ಯಾವ ರಾಜ್ಯದ ಸ್ವತ್ತೂ ಅಲ್ಲ. ಮನುಷ್ಯನೇ ಕೇಂದ್ರ ಅನ್ನುವ ನೋಟ ಬಿಟ್ಟು ಪ್ರಕೃತಿಯೇ ಕೇಂದ್ರ ಅನ್ನುವ ನೋಟದಿಂದ ನೋಡಬೇಕು. ಆ ಪ್ರಭೇದಕ್ಕೆ ಯಾವುದು ಒಳ್ಳೆಯದೋ ಅದೇ ಅಳತೆಗೋಲು. ಸಿಂಹಗಳನ್ನು ಕಳಿಸಿ ಅಂತ ಆದೇಶ ಆಯಿತು. ಆಫ್ರಿಕಾದ ಚೀತಾ ತರುವ ಯೋಜನೆಗೆ ಅದೇ ತೀರ್ಪಿನಲ್ಲಿ ತಡೆ ಬಿತ್ತು.

ಆಮೇಲೆ ಆದದ್ದು ನಿಮಗೆ ಗೊತ್ತು. 2020ರಲ್ಲಿ ಕೋರ್ಟ್ ಚೀತಾ ತರಲು ಪ್ರಯೋಗವಾಗಿ ಒಪ್ಪಿತು. 2022ರ ಸೆಪ್ಟೆಂಬರ್‌ನಲ್ಲಿ ನಮೀಬಿಯಾದಿಂದ 8 ಚೀತಾ ಕುನೋಗೆ ಬಂದವು. ಸಿಂಹಗಳು ಮಾತ್ರ ಬರಲಿಲ್ಲ. ತೀರ್ಪಿನಲ್ಲಿ ಎಷ್ಟು ಒಳ್ಳೆಯ ತತ್ವ ಇದ್ದರೂ ಅದನ್ನು ಜಾರಿ ಮಾಡುವ ಕೈ ಬೇಕು. ನನ್ನ ವೃತ್ತಿಯಲ್ಲಿ ನನಗೆ ಅತಿ ಹೆಚ್ಚು ಬೇಸರ ತರಿಸುವ ಸಂಗತಿ ಇದೇ.

ಕರಾವಳಿಯವ

ಕಂಬಳದ ಬಗ್ಗೆ ಏನೂ ಹೇಳಲಿಲ್ಲ, ವಕೀಲರೇ?

ವಕೀಲರ ಕೋಣೆ

ಅದೂ ಇದೇ ದಾರಿಯದ್ದು. 2014ರಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ನಿಷೇಧಿಸಿತು. ಪ್ರಾಣಿಗಳಿಗೆ ಸ್ವಂತ ಮೌಲ್ಯ, ಘನತೆ ಇದೆ, ಉಪಯೋಗಕ್ಕಷ್ಟೇ ಅವನ್ನು ನೋಡಬಾರದು ಅಂತ ತೀರ್ಪಿನಲ್ಲಿ ಬರೆಯಿತು. 2016ರಲ್ಲಿ ನಮ್ಮ ಹೈಕೋರ್ಟಿನಲ್ಲಿ ಕಂಬಳಕ್ಕೂ ತಡೆ ಬಂತು. 2017ರಲ್ಲಿ ಕರ್ನಾಟಕ ಕಾನೂನು ತಿದ್ದಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ತಮಿಳುನಾಡು, ಕರ್ನಾಟಕ, ಮಹಾರಾಷ್ಟ್ರದ ತಿದ್ದುಪಡಿಗಳನ್ನು ಎತ್ತಿ ಹಿಡಿಯಿತು. ಪ್ರಾಣಿಗಳಿಗೆ ಮೂಲಭೂತ ಹಕ್ಕು ಇದೆ ಅಂತ ಹೇಳಲು ಆ ಪೀಠ ಒಪ್ಪಲಿಲ್ಲ.

ಕರಾವಳಿಯವ

ನಮ್ಮ ಕಡೆ ಕಂಬಳದ ಕೋಣಗಳಿಗೆ ಮನೆ ಮಕ್ಕಳಿಗಿಂತ ಜಾಸ್ತಿ ಆರೈಕೆ. ಹುರುಳಿ ಬೇಯಿಸಿ ಹಾಕುತ್ತಾರೆ, ಎಣ್ಣೆ ಹಚ್ಚಿ ತಿಕ್ಕುತ್ತಾರೆ, ಈಜಲು ಕೆರೆಯನ್ನೇ ಮಾಡಿಸಿದವರಿದ್ದಾರೆ. ಆ ಪ್ರೀತಿ ಸುಳ್ಳಲ್ಲ. ಆದರೆ ಓಡದ ಕೋಣಕ್ಕೂ ಅದೇ ಪ್ರೀತಿ ಸಿಗುತ್ತದಾ ಅನ್ನುವುದನ್ನು ನಾವು ನಾವೇ ಕೇಳಿಕೊಳ್ಳಬೇಕು. ನನ್ನವರಿಗೇ ಈ ಮಾತು ಹೇಳುತ್ತಿದ್ದೇನೆ.

ಕಾಫಿತೋಟ

ಕರಾವಳಿಯವರ ಮಾತಿಗೆ ನಮ್ಮ ದೇವರಕಾಡಿನ ಮಾತು ಸೇರಿಸುತ್ತೇನೆ. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡು ಇವೆ. ಕೊಡಲಿ ಹಾಕುವ ಹಾಗಿಲ್ಲ. ಹೊರಗಿನವರು ಬಂದು, ‘ನೋಡಿ, ನಿಮ್ಮ ಹಿರಿಯರಿಗೆ ಕಾಡಿನ ಸ್ವಂತ ಮೌಲ್ಯ ಗೊತ್ತಿತ್ತು’ ಅಂತ ಹೊಗಳುತ್ತಾರೆ. ನನಗೆ ಅಷ್ಟು ಖಾತ್ರಿ ಇಲ್ಲ. ಕಾಡನ್ನು ಉಳಿಸಿದ್ದು ದೇವರ ಭಯ, ಭಕ್ತಿ. ಕಾಡು ದೇವರದ್ದು ಅಂತ ಉಳಿಯಿತು. 1905ರಿಂದ 1985ರೊಳಗೆ ದೇವರಕಾಡಿನ ವಿಸ್ತೀರ್ಣ ಅರ್ಧಕ್ಕಿಂತ ಕಡಿಮೆ ಆಯಿತು. ಒತ್ತುವರಿ ಆಯಿತು. ಎಷ್ಟೋ ಕಡೆ ಕಲ್ಲಿನ ದೇವರಿಗೆ ಕಾಂಕ್ರೀಟ್ ಗುಡಿ ಬಂತು, ಗುಡಿಗೆ ರಸ್ತೆ ಬಂತು, ಸಭಾಂಗಣ ಬಂತು. ಭಕ್ತಿ ಕಡಿಮೆ ಆಗಲಿಲ್ಲ, ಮರ ಕಡಿಮೆ ಆಯಿತು.

ಹಾಗಂತ ದೇವರ ನಂಟು ಬೇಡ ಅನ್ನುವುದಿಲ್ಲ. ಉಳಿದಿರುವಷ್ಟೂ ಆ ನಂಟಿನಿಂದಲೇ ಉಳಿದದ್ದು. ಸುಮ್ನೆ ತತ್ವ ಹೇಳಿದ್ದರೆ ಒಂದು ಎಕರೆಯೂ ಉಳಿಯುತ್ತಿರಲಿಲ್ಲ.

ಹೊಸ ಓದುಗಿ

ಅಣ್ಣ, ನೀವು ಹೇಳಿದ ‘ನಂಟು’ ಈಗ ಈ ಶಾಸ್ತ್ರದಲ್ಲೂ ಬಂದಿದೆ. 2016ರಲ್ಲಿ ಕೆಲವು ವಿಜ್ಞಾನಿಗಳು, ಉಪಯೋಗ ಮತ್ತು ಸ್ವಂತ ಮೌಲ್ಯ ಎರಡೇ ಸಾಲದು, ಸಂಬಂಧದ ಮೌಲ್ಯ ಅಂತ ಮೂರನೆಯದು ಬೇಕು ಅಂತ ಬರೆದರು. 2022ರಲ್ಲಿ ಅಂತರರಾಷ್ಟ್ರೀಯ ಜೀವವೈವಿಧ್ಯ ವೇದಿಕೆಯ ವರದಿಯೂ ಮೂರನ್ನೂ ಒಪ್ಪಿತು. ನ್ಯೂಜಿಲೆಂಡಿನಲ್ಲಿ 2017ರಲ್ಲಿ ವಾಂಗನುಯಿ ನದಿಗೆ ಕಾನೂನಿನ ವ್ಯಕ್ತಿತ್ವ ಕೊಟ್ಟಾಗ, ನದಿಯ ಪರ ಮಾತಾಡಲು ಇಬ್ಬರನ್ನು ನೇಮಿಸಿದರು. ಒಬ್ಬರು ಸರ್ಕಾರದ ಕಡೆಯಿಂದ, ಒಬ್ಬರು ನದಿಯ ಮಾವೊರಿ ಜನರ ಕಡೆಯಿಂದ. ನದಿಗೂ ಜನಕ್ಕೂ ನಂಟು ಕತ್ತರಿಸದೆ ಹಕ್ಕು ಕೊಟ್ಟರು.

ಲೆಕ್ಕದವನು

ಇದು ಒಳ್ಳೆಯದು. ಆದರೆ ಯಾರಿಗೂ ನಂಟೇ ಇಲ್ಲದ ಜೀವಗಳು? ಮೇಷ್ಟ್ರು ಹೇಳಿದ ಕತ್ತಲೆಕಾನಿನ ಮರ? ಅದಕ್ಕೆ ದೇವರಿಲ್ಲ, ಹಾಡಿಲ್ಲ, ಹೆಸರು ಬಂದದ್ದೇ 2000ನೇ ಇಸವಿಯಲ್ಲಿ.

ಮಲೆನಾಡ ಮೇಷ್ಟ್ರು

ಅದಕ್ಕೇ ನಾನು ಸ್ವಂತ ಮೌಲ್ಯವನ್ನು ಬಿಡಲು ತಯಾರಿಲ್ಲ. ನಂಟಿನ ಬೆಳಕು ಬೀಳದ ಕಡೆ ಅದೊಂದೇ ನಿಲ್ಲುತ್ತದೆ. ನಂಟು ಇರುವ ಕಡೆ ನಂಟೇ ಗಟ್ಟಿ, ಅದನ್ನು ಮುರಿಯಬಾರದು.

ನಾಗರಹೊಳೆ ಪಕ್ಕ

ಮೇಷ್ಟ್ರೇ, ಕೆಡವುವವನು ಉತ್ತರ ಕೊಡಬೇಕು ಅಂದಿರಲ್ಲ. ಅದನ್ನು ಒಪ್ಪುತ್ತೇನೆ. ಆದರೆ ಆ ನಿಯಮ ಎರಡೂ ಕಡೆ ಇರಬೇಕು. ಗಣಿಯವನು ಉತ್ತರ ಕೊಡಬೇಕು. ಹಾಡಿ ಎತ್ತಿಸುವ ಇಲಾಖೆಯೂ ಉತ್ತರ ಕೊಡಬೇಕು. ಈ ಜನ ಇದ್ದರೆ ಹುಲಿಗೆ ಏನು ಹಾನಿ ಅಂತ ಅವರು ತೋರಿಸಲಿ. ‘ಕಾಡಿಗೆ ಸ್ವಂತ ಮೌಲ್ಯ ಇದೆ’ ಅನ್ನುವ ಒಂದು ಸಾಲನ್ನು ಸಾಕ್ಷಿ ಅಂತ ತೆಗೆದುಕೊಳ್ಳಲು ನಾವು ಒಪ್ಪುವುದಿಲ್ಲ.

ಮಲೆನಾಡ ಮೇಷ್ಟ್ರು

ಪೂರ್ತಿ ಒಪ್ಪಿದೆ. ಮನೆ, ದೇವರು, ಸಮಾಧಿ ಕೆಡವುವವನೂ ಕೆಡವುವವನೇ. ವಕೀಲರೇ, ಕಾನೂನಿನಲ್ಲಿ ಹಾಗೆ ಇದೆಯಾ?

ವಕೀಲರ ಕೋಣೆ

ಇದೆ. 2006ರ ಅರಣ್ಯ ಹಕ್ಕು ಕಾಯ್ದೆಯ ಸೆಕ್ಷನ್ 4, ಉಪವಿಭಾಗ 2. ವನ್ಯಜೀವಿಗಳಿಗಾಗಿ ಜನರ ಹಕ್ಕನ್ನು ಬದಲಿಸಬೇಕು, ಅವರನ್ನು ಬೇರೆ ಕಡೆ ಕಳಿಸಬೇಕು ಅಂದರೆ ಕೆಲವು ಷರತ್ತು ಪೂರೈಸಲೇಬೇಕು. ಮೊದಲು ಅವರ ಹಕ್ಕುಗಳನ್ನು ಗುರುತಿಸಿ ಕೊಟ್ಟು ಮುಗಿಸಿರಬೇಕು. ಅವರು ಅಲ್ಲಿರುವುದರಿಂದ ಪ್ರಾಣಿಗಳಿಗೆ ಸರಿಪಡಿಸಲಾಗದ ಹಾನಿ ಆಗುತ್ತದೆ ಅಂತ ಸರ್ಕಾರ ತೋರಿಸಬೇಕು. ಒಟ್ಟಿಗೆ ಬದುಕುವಂಥ ಬೇರೆ ದಾರಿ ಇಲ್ಲ ಅಂತಲೂ ತೀರ್ಮಾನಕ್ಕೆ ಬರಬೇಕು. ಪುನರ್ವಸತಿಯ ಪ್ಯಾಕೇಜ್ ತಯಾರಿರಬೇಕು. ಗ್ರಾಮಸಭೆ ಎಲ್ಲ ತಿಳಿದು, ಯಾರ ಒತ್ತಡವೂ ಇಲ್ಲದೆ, ಬರವಣಿಗೆಯಲ್ಲಿ ಒಪ್ಪಿಗೆ ಕೊಡಬೇಕು. ಹೋಗುವ ಜಾಗದಲ್ಲಿ ಮನೆ, ಜಮೀನು ಎಲ್ಲ ಮುಗಿಯುವವರೆಗೆ ಯಾರನ್ನೂ ಎತ್ತುವಂತಿಲ್ಲ. ಹಾಗೆ ಖಾಲಿ ಮಾಡಿಸಿದ ಜಾಗವನ್ನು ಆಮೇಲೆ ಬೇರೆ ಯಾವ ಕೆಲಸಕ್ಕೂ ತಿರುಗಿಸುವಂತಿಲ್ಲ.

ನಾಗರಹೊಳೆ ಪಕ್ಕ ಅವರೇ, ನಿಮ್ಮ ಕಡೆಯ ಯಾವುದಾದರೂ ಹಾಡಿಯ ಹಕ್ಕಿನ ಅರ್ಜಿ ತಿರಸ್ಕಾರ ಆಗಿದ್ದರೆ, ಕಾರಣವನ್ನು ಬರವಣಿಗೆಯಲ್ಲಿ ಕೇಳಿ. 60 ದಿನದೊಳಗೆ ಮೇಲ್ಮನವಿಗೆ ಅವಕಾಶ ಇದೆ. ಕಾಗದಗಳನ್ನು ಇಟ್ಟುಕೊಂಡು ಮಾತಾಡೋಣ, ಸಂದೇಶ ಕಳಿಸಿ.

ನಾಗರಹೊಳೆ ಪಕ್ಕ

ಕಳಿಸುತ್ತೇನೆ ಸರ್. ಎರಡು ಹಾಡಿಯವರ ಕಾಗದ ನನ್ನ ಹತ್ತಿರವೇ ಇದೆ. ಉಳಿದವರನ್ನೂ ಕೇಳಿ ಬರೆಯುತ್ತೇನೆ.